ಸರಃಶೋಷ: ಶ್ರಾವಕಾಚಾರದಲ್ಲಿ ಮರೆತುಹೋದ ಒಂದು ನಿಷೇಧ

ಜೈನ ಗೃಹಸ್ಥನ ಆಚಾರಗಳಲ್ಲಿ ನೋಡಲು ಅತ್ಯಂತ ಸರಳವಾದುದೂ ವಿಚಾರಿಸಿದರೆ ಅತ್ಯಂತ ಸೂಕ್ಷ್ಮವಾದುದೂ ಆದ ಒಂದು ವಿಧಿಯೆಂದರೆ ನೀರನ್ನು ಗಾಳಿಸಿ ಬಳಸುವುದು. ಬಾವಿಯಿಂದ ಸೇದಿದ ನೀರನ್ನು ದಟ್ಟವಾದ ಬಟ್ಟೆಯನ್ನು ಮಡಿಸಿ ಸೋಸುವುದು ಈ ವಿಧಿಯ ಪೂರ್ವಾರ್ಧ ಮಾತ್ರ. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಅವು ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಮರಳಿ ಬಿಡಬೇಕೆಂಬುದು ಅದರ ಉತ್ತರಾರ್ಧ. ಒಂದು ಜಲಾಶಯದ ಜೀವಿ ಮತ್ತೊಂದು ಜಲಾಶಯದಲ್ಲಿ ಬದುಕಲಾರದೆಂಬ ಎಚ್ಚರ ಇದರ ಹಿಂದಿದೆ. ಜೀವದಯೆಯೆಂದರೆ ಜೀವಿಯನ್ನು ಕೊಲ್ಲದಿರುವುದಷ್ಟೇ ಅಲ್ಲ, ಅದರ ನೆಲೆಯನ್ನು ಅದಕ್ಕೆ ಉಳಿಸಿಕೊಡುವುದು ಎಂಬ ತತ್ತ್ವವನ್ನು ಈ ಪುಟ್ಟ ಆಚರಣೆ ಶತಮಾನಗಳಿಂದ ಬೋಧಿಸುತ್ತ ಬಂದಿದೆ.

ಇಂತಹ ಆಚಾರವನ್ನು ಇಂದಿಗೂ ನಿಷ್ಠೆಯಿಂದ ಪಾಲಿಸುವ ಮನೆಯೊಂದರ ಅಂಗಳದಿಂದ ಕೆಳಗೆ ನೋಡಿದರೆ ಕಾಣುವುದೇನು? ಕಾರ್ಕಳದಿಂದ ಕಾಪುವಿನವರೆಗೆ ಹಲವೆಡೆ ಕಾಣುವುದು ಕೆಮ್ಮಣ್ಣು ತುಂಬಿದ ಬೈಲು. ಗುಡ್ಡವನ್ನು ಯಂತ್ರದಿಂದ ಕಡಿದು, ಲಾರಿಗಳಲ್ಲಿ ಹೇರಿ ತಂದು, ಗದ್ದೆಯ ಮೇಲೆ ಸುರಿದು, ಸಮತಟ್ಟು ಮಾಡಿ, ನಾಲ್ಕು ಮೂಲೆಗೆ ಕಲ್ಲು ನೆಟ್ಟು ನಿವೇಶನವೆಂದು ಮಾರುವ ವ್ಯವಹಾರ ಈ ಜಿಲ್ಲೆಯಲ್ಲಿ ಯಾರಿಗೂ ಹೊಸತಲ್ಲ. ಆ ಗದ್ದೆಯ ಕಪ್ಪೆ, ಏಡಿ, ಮೀನು, ನೀರುಹಾವು, ಎರೆಹುಳು, ಕೊಕ್ಕರೆಯ ಗೂಡು ಇವೆಲ್ಲವೂ ಒಂದೇ ದಿನದಲ್ಲಿ ಮಣ್ಣಿನಡಿ ಹೂತುಹೋಗುತ್ತವೆ. ಬಟ್ಟೆಯಲ್ಲಿ ಸಿಕ್ಕಿದ ಅಣುಜೀವಿಯನ್ನು ಬಾವಿಗೆ ಮರಳಿಸಿದ ಕೈಯೇ ಈ ಮಾರಾಟದ ಪತ್ರಕ್ಕೆ ರುಜು ಹಾಕುವುದಾದರೆ, ಅಲ್ಲಿ ಉಳಿದಿರುವುದು ಆಚಾರವೇ ಹೊರತು ಧರ್ಮವಲ್ಲ.

ಹದಿನೈದು ಖರಕರ್ಮಗಳು

ಈ ಮಾತನ್ನು ಕೆಲವರು ಆಧುನಿಕ ಪರಿಸರವಾದಿಗಳಿಂದ ಎರವಲು ತಂದ ಮಾತೆಂದು ತಳ್ಳಿಹಾಕಬಹುದು. ಆದರೆ ಶ್ರಾವಕಾಚಾರದ ಗ್ರಂಥಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಶ್ರಾವಕನು ಜೀವನೋಪಾಯಕ್ಕಾಗಿ ಹಿಡಿಯಬಾರದ ಹದಿನೈದು ವೃತ್ತಿಗಳ ಪಟ್ಟಿಯೊಂದು ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಕರ್ಮಾದಾನಗಳೆಂಬ ಹೆಸರಿನಿಂದಿದೆ. ಹದಿಮೂರನೆಯ ಶತಮಾನದ ದಿಗಂಬರ ಪಂಡಿತ ಆಶಾಧರನು ತನ್ನ ಸಾಗಾರಧರ್ಮಾಮೃತದಲ್ಲಿ ಇವನ್ನೇ ಖರಕರ್ಮಗಳೆಂದು, ಅಂದರೆ ಕ್ರೂರವಾದ ಉದ್ಯೋಗಗಳೆಂದು ವಿವರಿಸಿದ್ದಾನೆ. ದಂತದ ವ್ಯಾಪಾರ, ವಿಷದ ವ್ಯಾಪಾರ, ಕಾಡು ಕಡಿಯುವುದು ಮುಂತಾದವು ಈ ಪಟ್ಟಿಯಲ್ಲಿ ಸೇರಿವೆ. ಇವುಗಳಲ್ಲಿ ಮೂರನ್ನು ಇಂದಿನ ಶ್ರಾವಕನು ವಿಶೇಷವಾಗಿ ನೆನಪಿಗೆ ತಂದುಕೊಳ್ಳಬೇಕಾಗಿದೆ. ಒಂದು ಅಂಗಾರಕರ್ಮ, ಅಂದರೆ ಇದ್ದಿಲು ಸುಟ್ಟು ಬದುಕುವುದು. ಎರಡನೆಯದು ದವಪ್ರದಾನ, ಅಂದರೆ ಕಾಡಿಗೆ ಬೆಂಕಿಯಿಡುವುದು. ಮೂರನೆಯದು ಸರಃಶೋಷ, ಅಂದರೆ ಕೆರೆ, ಮಡು, ಕೊಳಗಳ ನೀರನ್ನು ಬತ್ತಿಸುವುದು.

ಪ್ರಾಚೀನರಿಗೆ ವಾಯುಮಂಡಲದ ಇಂಗಾಲದ ಲೆಕ್ಕ ತಿಳಿದಿತ್ತೆಂದು ಇಲ್ಲಿ ವಾದಿಸುವ ಅಗತ್ಯವಿಲ್ಲ. ಹಾಗೆ ವಾದಿಸುವುದು ಗ್ರಂಥಕ್ಕೂ ವಿಜ್ಞಾನಕ್ಕೂ ಅಪಚಾರ. ಅವರು ಕಂಡದ್ದು ನೀರು ಬತ್ತಿದಾಗ ಸಾಯುವ ಜೀವಿಗಳನ್ನು. ಅಷ್ಟನ್ನೇ ಕಂಡು ನಿಷೇಧಿಸಿದರು. ಆದರೆ ಇಂದಿನ ವಿಜ್ಞಾನವು ಹವಾಮಾನದ ವ್ಯತ್ಯಯಕ್ಕೆ ಕಾರಣವೆಂದು ಎಣಿಸುವ ಮುಖ್ಯ ಕೃತ್ಯಗಳಲ್ಲಿ ಇಂಧನವನ್ನು ಸುಡುವುದು, ಕಾಡನ್ನು ಸುಡುವುದು, ಜೌಗುಭೂಮಿಯನ್ನು ಬತ್ತಿಸುವುದು ಈ ಮೂರೂ ಸೇರಿವೆ. ಜೀವದಯೆಯ ಕಣ್ಣಿನಿಂದ ನೋಡಿದವರೂ ಅಳತೆಯ ಉಪಕರಣದಿಂದ ನೋಡಿದವರೂ ಒಂದೇ ಕೃತ್ಯದ ಕಡೆಗೆ ಬೆರಳು ತೋರಿಸುವಾಗ ಶ್ರಾವಕನಿಗೆ ಉಳಿಯುವ ನೆಪ ಯಾವುದು?

ಕೆಸರು ಇಂಗಾಲವನ್ನು ಹಿಡಿದಿಡುವ ಬಗೆ

ಮರಗಿಡಗಳು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಎಲೆ, ಕಾಂಡ, ಬೇರುಗಳಾಗಿ ಮಾರ್ಪಡಿಸುತ್ತವೆಂಬುದು ಶಾಲಾಬಾಲಕನಿಗೂ ತಿಳಿದ ವಿಷಯ. ಆದರೆ ಎಲೆ ಉದುರಿದ ಮೇಲೆ ಏನಾಗುತ್ತದೆ? ಒಣನೆಲದಲ್ಲಿ ಸೂಕ್ಷ್ಮಜೀವಿಗಳು ಆಮ್ಲಜನಕದ ನೆರವಿನಿಂದ ಅದನ್ನು ಬೇಗನೆ ಕೊಳೆಯಿಸುತ್ತವೆ. ಇಂಗಾಲವು ಮತ್ತೆ ಗಾಳಿಗೆ ಸೇರುತ್ತದೆ. ನೀರು ನಿಂತ ಮಣ್ಣಿನಲ್ಲಿ ಹೀಗಾಗುವುದಿಲ್ಲ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಆದ್ದರಿಂದ ಕೆಸರಿನ ಮೇಲ್ಪದರದ ಕೆಳಗೆ ಆಮ್ಲಜನಕವೇ ಇರುವುದಿಲ್ಲ. ಕೊಳೆಯುವ ಕ್ರಿಯೆ ಕುಂಟುತ್ತದೆ. ಬಿದ್ದ ಎಲೆ, ಸತ್ತ ಬೇರು ಪೂರ್ತಿ ಕರಗದೆ ಪದರದ ಮೇಲೆ ಪದರವಾಗಿ ಕೂಡುತ್ತವೆ. ಜೌಗುಭೂಮಿಯ ಕಪ್ಪುಮಣ್ಣಿನ ಕಪ್ಪು ಬಹುಮಟ್ಟಿಗೆ ಹೀಗೆ ಕೂಡಿಟ್ಟ ಇಂಗಾಲದ ಬಣ್ಣವೇ.

ಈ ಸಂಗ್ರಹದ ಪ್ರಮಾಣ ಸಾಮಾನ್ಯವಾದುದಲ್ಲ. ಅರೆಕೊಳೆತ ಸಸ್ಯಾವಶೇಷಗಳಿಂದಾದ ಪೀಟ್ ಎಂಬ ಜೌಗುಮಣ್ಣು ಭೂಮಿಯ ನೆಲಭಾಗದ ಕೇವಲ 3 ಪ್ರತಿಶತದಷ್ಟು ಜಾಗವನ್ನು ಆವರಿಸಿದೆ. ಆದರೆ ಜಗತ್ತಿನ ಮಣ್ಣಿನಲ್ಲಿರುವ ಇಂಗಾಲದಲ್ಲಿ ಸುಮಾರು ಮೂರನೆಯ ಒಂದು ಪಾಲು ಅದರಲ್ಲಿದೆ. ಲೋಕದ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚಿನ ಇಂಗಾಲ ಅದು. ಕಡಲಂಚಿನ ಕಾಂಡ್ಲ ಕಾಡುಗಳ ಕೆಸರೂ ಅಂತಹುದೇ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ಉಷ್ಣವಲಯದ ಕಾಂಡ್ಲ ಕಾಡುಗಳನ್ನು ಅಳೆದು 2011ರಲ್ಲಿ ಪ್ರಕಟಿಸಿದ ಅಧ್ಯಯನವು ಹೆಕ್ಟೇರಿಗೆ ಸರಾಸರಿ ಸಾವಿರ ಟನ್ನಿನಷ್ಟು ಇಂಗಾಲವನ್ನು ಗುರುತಿಸಿತು. ಅದರ ಬಹುಭಾಗವಿದ್ದುದು ಮರದಲ್ಲಲ್ಲ, ಬುಡದ ಕೆಸರಿನಲ್ಲಿ. ಒಂದು ಟನ್ ಇಂಗಾಲ ಗಾಳಿಗೆ ಸೇರಿದರೆ ಅದು ಸುಮಾರು 3.67 ಟನ್ ಡೈಆಕ್ಸೈಡ್ ಆಗುತ್ತದೆಂಬುದನ್ನು ಸೇರಿಸಿ ಲೆಕ್ಕ ಹಾಕಿದರೆ ಕೆಸರಿನ ಬೆಲೆ ತಿಳಿದೀತು.

ಕಾಪು ತಾಲೂಕಿನ ಎಲ್ಲೂರಿನಲ್ಲಿ 1200 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವಿದೆ. ಅದಕ್ಕೆಂದು ಯೋಜಿತವಾದುದು ವಿದೇಶದಿಂದ ತರುವ ಕಲ್ಲಿದ್ದಲು. ಕಲ್ಲಿದ್ದಲೆಂದರೇನು? ಕೋಟ್ಯಂತರ ವರ್ಷಗಳ ಹಿಂದಿನ ಜೌಗುಕಾಡುಗಳಲ್ಲಿ ಬಿದ್ದು, ಕೆಸರಿನಲ್ಲಿ ಹೂತು, ಕೊಳೆಯದೆ ಉಳಿದ ಮರಗಳೇ ಅದು. ಪುರಾತನ ಜೌಗುಭೂಮಿಯು ಲಕ್ಷಾಂತರ ವರ್ಷ ಕೂಡಿಟ್ಟುದನ್ನು ಒಂದೆಡೆ ಗಂಟೆಗಳಲ್ಲಿ ಸುಡುತ್ತ, ಅದೇ ತಾಲೂಕಿನಲ್ಲಿ ಮತ್ತೆ ಕೂಡಿಡಬಲ್ಲ ಜೀವಂತ ಜೌಗುಭೂಮಿಯನ್ನು ಮಣ್ಣಿನಿಂದ ಮುಚ್ಚುವುದು ಎರಡು ಕೈಯಿಂದಲೂ ಬೊಕ್ಕಸವನ್ನು ಬರಿದು ಮಾಡುವ ಕೆಲಸ. ಅಂಗಾರಕರ್ಮವೂ ಸರಃಶೋಷವೂ ಒಂದೇ ನೆಲದಲ್ಲಿ ಜೊತೆಗೂಡಿವೆ. ವಿದ್ಯುತ್ತನ್ನು ಬಳಸುವ ಯಾವ ಮನೆಯೂ ಮೊದಲನೆಯದರಿಂದ ಪೂರ್ತಿ ಮುಕ್ತವಲ್ಲವೆಂಬುದು ನಿಜ. ಆದರೆ ಎರಡನೆಯದರಿಂದ ಮುಕ್ತವಾಗಿರುವುದು ಭೂಮಿಯುಳ್ಳ ಪ್ರತಿಯೊಬ್ಬನ ಕೈಯಲ್ಲಿಯೇ ಇದೆ.

ಬತ್ತಿಸಿದ ಜೌಗುಭೂಮಿ ಏನು ಮಾಡೀತೆಂಬುದಕ್ಕೆ ಇಂಡೋನೇಷ್ಯದ ಉದಾಹರಣೆ ಸಾಕು. ಅಲ್ಲಿನ ಕಾಲಿಮಂಟನ್‌ನಲ್ಲಿ 1990ರ ದಶಕದ ನಡುವೆ ಸುಮಾರು ಹತ್ತು ಲಕ್ಷ ಹೆಕ್ಟೇರ್ ಪೀಟ್ ಪ್ರದೇಶವನ್ನು ಭತ್ತದ ಕೃಷಿಗೆಂದು ಕಾಲುವೆ ತೋಡಿ ಬತ್ತಿಸುವ ಯೋಜನೆ ಕೈಗೊಳ್ಳಲಾಯಿತು. 1997ರ ಬರಗಾಲದಲ್ಲಿ ಒಣಗಿದ ಆ ಮಣ್ಣಿಗೇ ಬೆಂಕಿ ಹತ್ತಿತು. ಆ ವರ್ಷ ಇಂಡೋನೇಷ್ಯದ ಪೀಟ್ ಮತ್ತು ಕಾಡುಗಳ ಬೆಂಕಿಯಿಂದ ಹೊರಬಿದ್ದ ಇಂಗಾಲವು ಇಡೀ ಜಗತ್ತು ಒಂದು ವರ್ಷದಲ್ಲಿ ಇಂಧನ ಸುಟ್ಟು ಹೊರಬಿಡುವುದರ 13ರಿಂದ 40 ಪ್ರತಿಶತದಷ್ಟಿತ್ತೆಂದು ವಿಜ್ಞಾನಿಗಳು ಅಂದಾಜಿಸಿದರು. ಸರಃಶೋಷವೇ ದವಾಗ್ನಿಯಾದ ಕಥೆ ಇದು. ಬತ್ತಿಸಿದ ಭೂಮಿಯಲ್ಲಿ ಭತ್ತವೂ ಬೆಳೆಯಲಿಲ್ಲ.

ಬೈಲು, ಕಾಂಡ್ಲ, ಪಳ್ಳ

ಉಡುಪಿಯ ನೆಲದಲ್ಲಿ ಕಾಲಿಮಂಟನ್‌ನಷ್ಟು ಆಳವಾದ ಪೀಟ್ ಇಲ್ಲ. ಇಲ್ಲಿರುವುದು ಬೇರೆ ಬಗೆಯ ಜಲಸಂಪತ್ತು. ತುಳುನಾಡಿನ ರೈತನು ತನ್ನ ಭೂಮಿಯನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ವಿಂಗಡಿಸಿದ್ದು ನೀರಿನ ನೆಲೆಯನ್ನು ನೋಡಿ. ಎತ್ತರದ ಬೆಟ್ಟುಗದ್ದೆಗೆ ಮಳೆಗಾಲದ ಏಣೆಲು ಬೆಳೆ ಮಾತ್ರ. ಮಜಲಿಗೆ ಸುಗ್ಗಿಯೂ ಉಂಟು. ತಗ್ಗಿನ ಬೈಲಿನಲ್ಲಿ ಕೊಳಕೆಯೆಂಬ ಮೂರನೆಯ ಬೆಳೆಯೂ ಬರುತ್ತಿತ್ತು. ಅಂದರೆ ಬೈಲು ವರ್ಷದ ಬಹುಭಾಗ ನೀರನ್ನು ಹಿಡಿದಿಟ್ಟ ಜೌಗುಭೂಮಿಯೇ. ಸುತ್ತಲಿನ ಒಣಬೇಸಾಯದ ನೆಲಕ್ಕಿಂತ ಇಂತಹ ಗದ್ದೆಯ ಮಣ್ಣಿನಲ್ಲಿ ಸಾವಯವ ಇಂಗಾಲವು ಸಾಮಾನ್ಯವಾಗಿ ಹೆಚ್ಚು. ಪಶ್ಚಿಮಕ್ಕೆ ಹೋದರೆ ಸ್ವರ್ಣಾ ಮತ್ತು ಸೀತಾ ನದಿಗಳು ಕೂಡುವ ಕೋಡಿಬೆಂಗ್ರೆಯ ಅಳಿವೆ, ಉದ್ಯಾವರದ ಹೊಳೆ, ಹೆಜಮಾಡಿಯ ಬಳಿಯ ಶಾಂಭವಿ, ಇವುಗಳ ದಂಡೆಗಳಲ್ಲಿಯೂ ಕುದ್ರುಗಳ ಅಂಚಿನಲ್ಲಿಯೂ ಕಾಂಡ್ಲ ಗಿಡಗಳಿವೆ. ಪೂರ್ವಕ್ಕೆ ಹೋದರೆ ಕಾರ್ಕಳದ ಆನೆಕೆರೆ ಮತ್ತು ರಾಮಸಮುದ್ರ. ಮಣಿಪಾಲವೆಂಬ ವಿದ್ಯಾನಗರದ ಹೆಸರೇ ಮಣ್ಣಪಳ್ಳವೆಂಬ ಅಲ್ಲಿನ ಕೆರೆಯಿಂದ ಬಂದುದೆಂದು ಹೇಳುತ್ತಾರೆ. ಪಳ್ಳವೊಂದು ಹೆಸರು ಕೊಟ್ಟ ಊರು ಇಂದು ಬಹುಮಹಡಿ ಕಟ್ಟಡಗಳ ಊರಾಗಿದೆ.

ಬೈಲಿಗೆ ಮಣ್ಣು ತುಂಬಿದ ಮರುದಿನವೇ ಅದರಡಿಯ ಇಂಗಾಲವೆಲ್ಲ ಗಾಳಿಗೆ ಹಾರುತ್ತದೆಂದು ಹೇಳಿದರೆ ಅದು ಉತ್ಪ್ರೇಕ್ಷೆ. ನಡೆಯುವುದು ಹೀಗೆ: ಅಡಿಪಾಯಕ್ಕೆ ಅಗೆದಲ್ಲಿ, ಚರಂಡಿ ತೋಡಿ ನೀರು ಬಸಿದಲ್ಲಿ ಮಣ್ಣು ಗಾಳಿಗೆ ತೆರೆದುಕೊಂಡು ಕೊಳೆಯತೊಡಗುತ್ತದೆ. ಮಣ್ಣು ಒದಗಿಸಿದ ಗುಡ್ಡದ ಮೇಲಿನ ಗಿಡಮರಗಳು ನಾಶವಾಗುತ್ತವೆ. ಇನ್ನು ಮುಂದೆ ವರ್ಷವರ್ಷವೂ ಕೂಡಬೇಕಾಗಿದ್ದ ಸಂಗ್ರಹ ಶಾಶ್ವತವಾಗಿ ನಿಲ್ಲುತ್ತದೆ. ಇವೆಲ್ಲಕ್ಕೂ ಮಿಗಿಲಾಗಿ, ಹವಾಮಾನ ಕೆಡುತ್ತಿರುವ ಕಾಲದಲ್ಲಿ ಊರನ್ನು ಕಾಪಾಡಬಲ್ಲ ಒಂದೇ ಸಹಜ ಪಾತ್ರೆ ಒಡೆದುಹೋಗುತ್ತದೆ.

ಈ ಪಾತ್ರೆಯ ಅಳತೆಯನ್ನು ಯಾವ ಗೃಹಸ್ಥನೂ ಮನೆಯಲ್ಲಿ ಕುಳಿತು ಮಾಡಬಹುದು. ಒಂದು ಎಕರೆ ಗದ್ದೆಯ ಹುಣಿಗಳ ನಡುವೆ ಅರ್ಧ ಅಡಿ ನೀರು ನಿಂತರೆ ಅದು ಆರು ಲಕ್ಷ ಲೀಟರಿಗೂ ಮೇಲಾಯಿತು; ಹನ್ನೆರಡು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ ಐವತ್ತಕ್ಕೂ ಹೆಚ್ಚು. 2019ರ ಮೇ ತಿಂಗಳಿನಲ್ಲಿ ಉಡುಪಿ ನಗರಕ್ಕೆ ನೀರುಣಿಸುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ, ಜನರು ಟ್ಯಾಂಕರಿಗಾಗಿ ಕಾದರು. ಹದಿನಾರು ತಿಂಗಳು ಕಳೆದು 2020ರ ಸೆಪ್ಟೆಂಬರ್ 20ರಂದು ಅದೇ ಸ್ವರ್ಣೆ ಉಕ್ಕಿ, ನಗರದ ತಗ್ಗು ಪ್ರದೇಶಗಳಿಗೂ ಕೃಷ್ಣಮಠದ ಪರಿಸರಕ್ಕೂ ನೀರು ನುಗ್ಗಿತು; ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಬರವೂ ನೆರೆಯೂ ಒಂದರ ಬೆನ್ನಿಗೆ ಒಂದು ಬರುವುದಾದರೆ, ಕೊರತೆಯಿರುವುದು ಮಳೆಯಲ್ಲಲ್ಲ, ಮಳೆಯನ್ನು ನಿಲ್ಲಿಸಿಕೊಳ್ಳುವ ನೆಲದಲ್ಲಿ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತ ಕಾಪುವಿನ ಕಡಲತೀರವನ್ನು ಅಪ್ಪಳಿಸಿದಾಗ ಅರಬ್ಬೀ ಸಮುದ್ರವೂ ಹಿಂದಿನಂತಿಲ್ಲವೆಂಬುದು ಎಲ್ಲರಿಗೂ ಅರಿವಾಗಬೇಕಿತ್ತು.

ಕಾನೂನಿನ ಕುರುಡು

‘ಕಾನೂನಿಗೆ ವಿರುದ್ಧವಾದುದೇನನ್ನೂ ಮಾಡಿಲ್ಲ’ ಎಂಬುದು ಭೂಮಿ ಮಾರುವವರ ಮೊದಲ ಉತ್ತರ. ಈ ಉತ್ತರ ಬಹುಮಟ್ಟಿಗೆ ನಿಜ. ಅದೇ ದುಃಖದ ಸಂಗತಿ. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್‌ನಲ್ಲಿ ಆದ ಜೌಗುಭೂಮಿಗಳ ಒಪ್ಪಂದಕ್ಕೆ ಭಾರತ 1982ರಲ್ಲಿ ಸೇರಿತು. ಆ ಒಪ್ಪಂದ ಭತ್ತದ ಗದ್ದೆಯನ್ನೂ ಮಾನವನಿರ್ಮಿತ ಜೌಗುಭೂಮಿಯೆಂದೇ ಎಣಿಸುತ್ತದೆ. ಆದರೆ ಭಾರತ ಸರಕಾರದ 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳು ಭತ್ತದ ಗದ್ದೆಯನ್ನೂ, ನದೀಪಾತ್ರವನ್ನೂ, ಕುಡಿಯುವ ನೀರಿಗಾಗಿ ಹಾಗೂ ನೀರಾವರಿಗಾಗಿಯೇ ಕಟ್ಟಿದ ಜಲಾಶಯಗಳನ್ನೂ ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಅದೇ 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ರಕ್ಷಿಸಬೇಕೆಂದು ಆದೇಶಿಸಿದ 2,01,503 ಜೌಗುಭೂಮಿಗಳು 2.25 ಹೆಕ್ಟೇರಿಗಿಂತ ದೊಡ್ಡವು. ತುಳುನಾಡಿನ ಮದಗ, ಪಳ್ಳ, ತೋಡುಗಳಲ್ಲಿ ಎಷ್ಟು ಈ ಅಳತೆಯನ್ನು ಮುಟ್ಟಿಯಾವು? ಕರ್ನಾಟಕದಲ್ಲಿ ರಾಮ್ಸರ್ ಪಟ್ಟಿಗೆ ಸೇರಿದವು 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಘನಾಶಿನಿ ಅಳಿವೆ, ಅಂಕಸಮುದ್ರ ಮತ್ತು ಮಾಗಡಿ ಕೆರೆ. ಉಡುಪಿ ಜಿಲ್ಲೆಯದು ಇವುಗಳಲ್ಲಿ ಒಂದೂ ಇಲ್ಲ.

ನೆರೆಯ ಕೇರಳವು 2008ರಲ್ಲಿಯೇ ಭತ್ತದ ಗದ್ದೆ ಮತ್ತು ಜೌಗುಭೂಮಿಗಳ ರಕ್ಷಣೆಗೆ ಪ್ರತ್ಯೇಕ ಕಾಯಿದೆ ಮಾಡಿತು. 2018ರ ತಿದ್ದುಪಡಿ ಅದನ್ನು ಸಡಿಲಿಸಿತಾದರೂ, ಗದ್ದೆಯನ್ನು ತುಂಬುವುದು ಸಮಾಜಕ್ಕೆ ಬಗೆಯುವ ಅಪರಾಧವೆಂಬ ತತ್ತ್ವ ಅಲ್ಲಿ ಕಾನೂನಿನ ಪುಸ್ತಕದಲ್ಲಿದೆ. ಹೀಗಾಗಿ ಬಂಗ್ರಮಂಜೇಶ್ವರದ ಬಸದಿಯ ನೆರೆಯ ಗದ್ದೆಗೆ ಇರುವಷ್ಟು ಆಶ್ರಯ ಕಾರ್ಕಳದ ಬಸದಿಯ ನೆರೆಯ ಗದ್ದೆಗೆ ಇಲ್ಲ. ಇಲ್ಲಿ ಭೂಪರಿವರ್ತನೆಯ ಆದೇಶವೊಂದು ದೊರೆತರೆ ಬೈಲು ಬೈಲಲ್ಲ. ಆದರೆ ಶ್ರಾವಕನ ವ್ರತವು ಸರಕಾರದ ನಿಯಮದ ಗಡಿಯಲ್ಲಿ ಎಂದಾದರೂ ನಿಂತಿದೆಯೇ? ರಾತ್ರಿಭೋಜನವನ್ನು ಯಾವ ಕಾನೂನೂ ನಿಷೇಧಿಸಿಲ್ಲ. ಆದರೂ ಅದನ್ನು ತ್ಯಜಿಸಿದವರಿದ್ದಾರೆ. ಕಾನೂನು ಕುರುಡಾದಲ್ಲಿಯೇ ವ್ರತಕ್ಕೆ ಕಣ್ಣಿರಬೇಕು.

ಆಕ್ಷೇಪಗಳು

ಓದಿದವರು ಎತ್ತುವ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಜೌಗುಭೂಮಿಯೂ ಭತ್ತದ ಗದ್ದೆಯೂ ಮೀಥೇನ್ ಅನಿಲವನ್ನು ಬಿಡುತ್ತವೆ; ಅದು ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟಿಗೂ ಮೇಲೆ ಶಾಖ ಹಿಡಿಯುವಂಥದು; ಹೀಗಿರಲು ಅವನ್ನು ಉಳಿಸುವುದರಿಂದ ಹಾನಿಯೇ ಅಲ್ಲವೇ ಎಂದು ಅವರು ಕೇಳುತ್ತಾರೆ. ಮೊದಲಾಗಿ, ಜೌಗುಭೂಮಿ ಸಾವಿರಾರು ವರ್ಷಗಳಿಂದ ಮೀಥೇನ್ ಬಿಡುತ್ತಲೇ ಬಂದಿದೆ. ಮೀಥೇನ್ ಗಾಳಿಯಲ್ಲಿ ಹತ್ತು ಹನ್ನೆರಡು ವರ್ಷಗಳಲ್ಲಿ ನಶಿಸುವುದರಿಂದ ಹಳೆಯ ಜೌಗುಭೂಮಿಯ ಮೀಥೇನ್ ಒಂದು ಸಮತೋಲದಲ್ಲಿತ್ತು. ಆ ಸಮತೋಲವನ್ನು ಕೆಡಿಸಿದ್ದು ಮನುಷ್ಯನ ಇತರ ಕೃತ್ಯಗಳು. ಅದೇ ಜೌಗುಭೂಮಿಯನ್ನು ಬತ್ತಿಸಿದರೆ ಹೊರಬೀಳುವ ಡೈಆಕ್ಸೈಡಾದರೋ ಶತಮಾನಗಳ ಕಾಲ ಉಳಿಯುತ್ತದೆ. ಎರಡನೆಯದಾಗಿ, ಕಾಂಡ್ಲದ ಉಪ್ಪುಕೆಸರಿನಲ್ಲಿ ಸಮುದ್ರದ ಸಲ್ಫೇಟ್ ಲವಣವಿರುವುದರಿಂದ ಮೀಥೇನ್ ಹುಟ್ಟುವುದೇ ಕಡಿಮೆ. ಮೂರನೆಯದಾಗಿ, ಭತ್ತದ ಗದ್ದೆಗೆ ಸದಾ ನೀರು ನಿಲ್ಲಿಸದೆ ನಡುನಡುವೆ ಆರಬಿಟ್ಟರೆ ಮೀಥೇನ್ ಗಣನೀಯವಾಗಿ ತಗ್ಗುತ್ತದೆ. ಬೇಸಾಯದ ಕ್ರಮದಲ್ಲಿ ತಿದ್ದಬಹುದಾದ ದೋಷಕ್ಕೆ ಗದ್ದೆಯನ್ನೇ ಹೂಳುವುದು ಮದ್ದಲ್ಲ. ಭೂಮಿ ಬಿಸಿಯಾದಷ್ಟೂ ಜೌಗುಭೂಮಿಗಳ ಮೀಥೇನ್ ಹೆಚ್ಚುವ ಭಯವಿರುವುದು ನಿಜ. ಆದರೆ ಅದು ತಾಪವನ್ನು ತಡೆಯಲು ಕಾರಣವೇ ಹೊರತು ಜೌಗನ್ನು ತುಂಬಲು ಅಲ್ಲ.

ಇನ್ನೊಂದು ಆಕ್ಷೇಪ ಧರ್ಮದ ವೇಷದಲ್ಲಿ ಬರುತ್ತದೆ. ಉಳುಮೆಯಲ್ಲಿ ಅಸಂಖ್ಯ ಜೀವಿಗಳು ಸಾಯುತ್ತವೆ. ಗದ್ದೆಯನ್ನು ಬಿಟ್ಟರೆ ಆ ಹಿಂಸೆ ತಪ್ಪುತ್ತದೆ ಎಂಬ ವಾದವದು. ಆದಿತೀರ್ಥಂಕರ ವೃಷಭನಾಥನು ಲೋಕಕ್ಕೆ ಕಲಿಸಿದ ಷಟ್ಕರ್ಮಗಳಲ್ಲಿ ಕೃಷಿಯೂ ಒಂದೆಂಬುದನ್ನು ಈ ವಾದ ಮರೆಯುತ್ತದೆ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಅನ್ನಕ್ಕಾಗಿ ಎಚ್ಚರದಿಂದ ಮಾಡುವ ಬೇಸಾಯದ ಹಿಂಸೆಯನ್ನು ಅನಿವಾರ್ಯವಾದ ಉದ್ಯೋಗೀ ಹಿಂಸೆಯೆಂದು ಆಚಾರ್ಯರು ಸಹಿಸಿದರು. ಉಳುವಾಗ ಸತ್ತ ಜೀವಿಯ ಸಂತತಿ ಮುಂದಿನ ಮಳೆಗೆ ಮತ್ತೆ ಗದ್ದೆಯಲ್ಲಿಯೇ ಹುಟ್ಟುತ್ತದೆ. ಮಣ್ಣು ತುಂಬಿದಲ್ಲಿ ಆ ಸಂತತಿಗೆ ನೆಲೆಯೇ ಇಲ್ಲ. ಏನಾಗುವುದೆಂದು ಮೊದಲೇ ತಿಳಿದು, ಅನ್ನಕ್ಕಲ್ಲದೆ ಲಾಭಕ್ಕಾಗಿ ಮಾಡುವ ಇಂತಹ ಕಾರ್ಯವನ್ನು ಉದ್ಯೋಗೀ ಹಿಂಸೆಯ ಮರೆಯಲ್ಲಿ ಅಡಗಿಸುವುದು ಸಾಧ್ಯವಿಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಂಡಿದೆ; ತಿಳಿದೂ ಲೆಕ್ಕಿಸದಿರುವುದಕ್ಕಿಂತ ದೊಡ್ಡ ಪ್ರಮಾದ ಯಾವುದು?

ಮೂರನೆಯ ಆಕ್ಷೇಪ ಹೆಚ್ಚು ಪ್ರಾಮಾಣಿಕವಾದುದು. ಕೂಲಿಯಾಳು ಸಿಗುವುದಿಲ್ಲ, ಭತ್ತದ ಬೆಲೆ ಖರ್ಚಿಗೆ ಸಾಲದು, ಮಕ್ಕಳು ಬೆಂಗಳೂರು, ಮುಂಬಯಿ, ಗಲ್ಫ್ ಸೇರಿದ್ದಾರೆ, 1974ರ ಭೂಸುಧಾರಣೆಯ ನಂತರ ಹಳೆಯ ಜೈನ ಮನೆತನಗಳ ಕೈಯಲ್ಲಿ ಉಳಿದುದೇ ಅಲ್ಪ, ಅದನ್ನು ಮಾರದೆ ಮಗಳ ಮದುವೆ, ಮಗನ ವೈದ್ಯಕೀಯ ಶಿಕ್ಷಣ ನಡೆಯುವುದು ಹೇಗೆ? ಈ ಕಷ್ಟ ಸುಳ್ಳಲ್ಲ. ಬೈಲಿನಿಂದ ಇಡೀ ಊರಿಗೆ ದೊರೆಯುವ ನೀರು, ತಂಪು, ನೆರೆಯ ರಕ್ಷಣೆಗಳಿಗೆ ಊರು ಒಂದು ಕಾಸನ್ನೂ ಕೊಡುವುದಿಲ್ಲ. ಭಾರವೆಲ್ಲ ಒಡೆಯನೊಬ್ಬನ ಮೇಲಿದೆ. ಹಾಗಿದ್ದಲ್ಲಿ ಆ ಭಾರವನ್ನು ಸಮಾಜ ಹೊರಬೇಕೆಂದು ಕೇಳುವುದು ನ್ಯಾಯ. ಆದರೆ ಕಷ್ಟದಿಂದ ಮಾರುವವನ ಹೆಸರಿನಲ್ಲಿ, ಎಕರೆಗಟ್ಟಲೆ ಕೊಂಡು ತುಂಬಿಸಿ ಹತ್ತು ಪಟ್ಟಿಗೆ ಮಾರುವವನು ತಪ್ಪಿಸಿಕೊಳ್ಳಬಾರದು. ಪರಿಗ್ರಹದ ಪಟ್ಟಿಯಲ್ಲಿ ಮೊದಲು ಬರುವ ಎರಡು ಹೆಸರುಗಳು ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ. ಕ್ಷೇತ್ರವನ್ನು ಕೊಂದು ವಾಸ್ತುವನ್ನು ಬೆಳೆಸುವ ಈ ವ್ಯಾಪಾರದಲ್ಲಿ ಪರಿಗ್ರಹಪರಿಮಾಣದ ಎರಡು ಎಲ್ಲೆಗಳೂ ಒಟ್ಟಿಗೆ ಮುರಿಯುತ್ತವೆ. ಇಷ್ಟಕ್ಕೂ ಅದರ ಫಲ ಉಣ್ಣುವವರು ಯಾರು? ತುಂಬಿದ ಜಾಗದ ಮನೆ ಎತ್ತರದಲ್ಲಿರುತ್ತದೆ. ಅದರ ನೀರು ಹರಿದು ಹೋಗುವುದು ಪಕ್ಕದ ತಗ್ಗಿನ ಬಡವನ ಮನೆಯೊಳಕ್ಕೆ.

ಉಡುಪಿಯಂತಹ ಸಣ್ಣ ಜಿಲ್ಲೆಯ ನಾಲ್ಕು ಬೈಲುಗಳಿಂದ ಜಗತ್ತಿನ ಹವಾಮಾನ ಬದಲಾದೀತೇ ಎಂಬುದು ಕೊನೆಯ ಆಕ್ಷೇಪ. 1970ರಿಂದ 2015ರವರೆಗೆ ಜಗತ್ತಿನ ಜೌಗುಭೂಮಿಗಳಲ್ಲಿ ಸುಮಾರು 35 ಪ್ರತಿಶತ ಕಣ್ಮರೆಯಾದುದು ಒಂದು ದೊಡ್ಡ ದುರಂತದಿಂದಲ್ಲ. ಎಲ್ಲೆಡೆಯ ಇಂತಹ ನಾಲ್ಕು ಬೈಲುಗಳ ಮೊತ್ತದಿಂದ. ಒಂದು ಹನಿ ನೀರಿನ ಜೀವಿಗಳಿಗಾಗಿ ಬಟ್ಟೆ ಹಿಡಿದ ಧರ್ಮವು ಸಣ್ಣದೆಂಬ ಕಾರಣಕ್ಕೆ ಯಾವುದನ್ನೂ ಅಲಕ್ಷಿಸಿಲ್ಲ.

ಆಗಬೇಕಾದುದು

ಮರ ನೆಡುವ ಉತ್ಸವಗಳಿಗೆ ಇಂದು ಕೊರತೆಯಿಲ್ಲ. 2030ರೊಳಗೆ 250ರಿಂದ 300 ಕೋಟಿ ಟನ್ನಿನಷ್ಟು ಡೈಆಕ್ಸೈಡನ್ನು ಹಿಡಿದಿಡುವುದಾಗಿ ಭಾರತವು ಜಗತ್ತಿಗೆ ಕೊಟ್ಟ ಮಾತಿನಲ್ಲಿಯೂ ಎಣಿಕೆಯಿರುವುದು ಕಾಡು ಮತ್ತು ಮರಗಳದೇ. ಬೈಲಿನ ಕೆಸರಿನ ಹೆಸರಿಲ್ಲ. ಆದ್ದರಿಂದ ಕೆಸರಿನ ಪರವಾಗಿ ಮಾತನಾಡುವವರು ಬೇಕಾಗಿದ್ದಾರೆ. ಶ್ರಾವಕ ಸಮಾಜಕ್ಕೆ ಇದು ಸ್ವಧರ್ಮ.

ಬೈಲನ್ನು ತುಂಬುವುದಿಲ್ಲ, ತುಂಬುವವರಿಗೆ ಮಾರುವುದಿಲ್ಲವೆಂಬ ನಿಯಮವನ್ನು ಪರಿಗ್ರಹಪರಿಮಾಣ ವ್ರತದೊಡನೆ ಸ್ವೀಕರಿಸುವುದು ಮೊದಲ ಹೆಜ್ಜೆ. ಮುನಿಗಳೂ ಭಟ್ಟಾರಕರೂ ಚಾತುರ್ಮಾಸದ ಉಪದೇಶಗಳಲ್ಲಿ ಖರಕರ್ಮಗಳನ್ನು, ಅದರಲ್ಲೂ ಸರಃಶೋಷವನ್ನು, ಹೆಸರು ಹಿಡಿದು ನೆನಪಿಸಬೇಕು. ಬಸದಿಗಳ ಆಡಳಿತಗಳು ಛತ್ರವನ್ನೋ ಕಲ್ಯಾಣಮಂಟಪವನ್ನೋ ಕಟ್ಟುವಾಗ ತಗ್ಗಿನ ಭೂಮಿಯನ್ನು ಮುಟ್ಟಬಾರದು. ಗದ್ದೆ ತುಂಬಿದ ಲಾಭದಿಂದ ಬಂದ ಕಾಣಿಕೆಯನ್ನು ಸ್ವೀಕರಿಸುವ ಮುನ್ನ ಎರಡು ಬಾರಿ ಯೋಚಿಸಬೇಕು. ಹಡಿಲು ಬಿದ್ದ ಗದ್ದೆಗಳನ್ನು ಊರಿನ ಯುವಕರಿಗೋ ಸ್ವಸಹಾಯ ಗುಂಪುಗಳಿಗೋ ಬೇಸಾಯಕ್ಕೆ ಒಪ್ಪಿಸಿ, ನಷ್ಟವಾದರೆ ಅದನ್ನು ದಾನದ ಲೆಕ್ಕಕ್ಕೆ ಬರೆದುಕೊಳ್ಳುವುದು ಆಹಾರದಾನವೂ ಅಭಯದಾನವೂ ಒಂದೇ ಕೃತ್ಯದಲ್ಲಿ ಸಿದ್ಧಿಸುವ ಮಾರ್ಗ. ಮಳೆ ನಿಂತ ಮೇಲೆ ತೋಡುಗಳಿಗೆ ಕಟ್ಟ ಕಟ್ಟಿ ನೀರು ನಿಲ್ಲಿಸುವ ಹಿರಿಯರ ರೂಢಿಯನ್ನು ಮತ್ತೆ ಹಿಡಿಯಬೇಕು. ಗ್ರಾಮಸಭೆಗಳಲ್ಲಿ ಪ್ರತಿಯೊಂದು ಮದಗ, ಪಳ್ಳ, ತೋಡುಗಳನ್ನು ದಾಖಲೆಗೆ ಸೇರಿಸುವಂತೆ ಒತ್ತಾಯಿಸಬೇಕು. ಬೈಲುಗದ್ದೆಗೆ ರಕ್ಷಣೆ ಕೊಡುವ, ಅದನ್ನು ಉಳಿಸಿಕೊಂಡ ಬಡ ಒಡೆಯನಿಗೆ ಸಹಾಯಧನ ಕೊಡುವ ಕಾಯಿದೆಯನ್ನು ರಾಜ್ಯದಿಂದ ಕೇಳಬೇಕು.

ಈ ನಾಡಿನ ಪೂರ್ವಜರು ನೀರಿನ ವಿಷಯದಲ್ಲಿ ಏನು ಭಾವಿಸಿದ್ದರೆಂಬುದಕ್ಕೆ ಕಲ್ಲಿನ ಸಾಕ್ಷಿಯಿದೆ. ಕಾರ್ಕಳದ ಬಾಹುಬಲಿಯನ್ನು 1432ರಲ್ಲಿ ಬಂಡೆಯ ಮೇಲೆ ನಿಲ್ಲಿಸಿದ ಸಮಾಜವೇ ಆನೆಕೆರೆಯ ನಡುವೆ ಬಸದಿಯನ್ನು ಕಟ್ಟಿತು. ವರಂಗದಲ್ಲಿ ಚತುರ್ಮುಖ ಬಸದಿ ಕೆರೆಯ ಮಧ್ಯದಲ್ಲಿದೆ. ದೋಣಿಯೇರದೆ ಅಲ್ಲಿ ದರ್ಶನವಿಲ್ಲ. ಕೆರೆ ಬತ್ತಿದರೆ ಆ ಬಸದಿಯ ಅರ್ಥವೇ ಬತ್ತುತ್ತದೆ. ತೀರ್ಥಂಕರರ ಲಾಂಛನಗಳನ್ನು ಎಣಿಸಿದರೂ ಪದ್ಮಪ್ರಭನ ಕಮಲ, ಪುಷ್ಪದಂತನ ಮಕರ, ಅರನಾಥನ ಮೀನು, ಮುನಿಸುವ್ರತನ ಆಮೆ, ನಮಿನಾಥನ ನೀಲೋತ್ಪಲ, ನೇಮಿನಾಥನ ಶಂಖ ಇವೆಲ್ಲವೂ ನೀರಿನಲ್ಲಿ ಹುಟ್ಟಿದವು. ಪೀಠದ ಮೇಲೆ ಕೆತ್ತಿದ ಆಮೆಗೆ ಅಭಿಷೇಕ ಮಾಡಿ, ಗದ್ದೆಯ ಆಮೆಯನ್ನು ಮಣ್ಣಿನಲ್ಲಿ ಹೂಳುವುದು ಪೂಜೆಯೆನಿಸದು.

ವರಂಗದ ಹಿರೇ ಬಸದಿಯಲ್ಲಿಯೂ ಕಾರ್ಕಳದ ಹಿರಿಯಂಗಡಿಯಲ್ಲಿಯೂ ಪೂಜೆಗೊಳ್ಳುವ ನೇಮಿನಾಥನು ಮದುವೆಯ ಮೆರವಣಿಗೆಯಲ್ಲಿ ಹೋಗುತ್ತಿದ್ದಾಗ, ಔತಣಕ್ಕೆಂದು ಕೂಡಿಹಾಕಿದ ಮೃಗಗಳ ಕೂಗನ್ನು ಕೇಳಿ ರಥವನ್ನು ಹಿಂದಿರುಗಿಸಿದನೆಂಬ ಕಥೆಯನ್ನು ಪ್ರತಿಯೊಂದು ಜೈನ ಮಗುವೂ ಕೇಳಿ ಬೆಳೆದಿದೆ. ಆಷಾಢದ ರಾತ್ರಿಗಳಲ್ಲಿ ಬೈಲಿನಿಂದ ಕಪ್ಪೆಗಳ ಕೂಗು ಇನ್ನೂ ಕೆಲವು ಮನೆಗಳಿಗೆ ಕೇಳಿಸುತ್ತದೆ. ಅದನ್ನು ಕೇಳಿ ಲಾರಿಯನ್ನು ಹಿಂದಿರುಗಿಸುವವರು ಆ ಕಥೆಯನ್ನು ಅರಿತವರು. ಉಳಿದವರು ಅದನ್ನು ಕೇಳಿದವರು ಮಾತ್ರ.